ರೊಟ್ಟಿ ಬಿಡಬೇಡಿ, ಪಕ್ಕದಲ್ಲಿ ಕಾಳಿರಲಿ

ಹೋದ ತಿಂಗಳು, ಸಕ್ಕರೆ ಕಾಯಿಲೆ ಇರುವವರು ರಕ್ತ ಪರೀಕ್ಷೆಯ ಚೀಟಿ ಓದುವುದು ಹೇಗೆ ಅಂತ ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: ಬೆಳಗ್ಗೆ ಏನು ತಿನ್ನಲಿ? ಹಾಸನ, ಚಿಕ್ಕಮಗಳೂರು ಕಡೆಯ ಪತ್ರಗಳೇ ಜಾಸ್ತಿ. ಅದಕ್ಕೆ ಕಾರಣವೂ ಇದೆ. ನಮ್ಮ ಕಡೆ ತಿಂಡಿ ಅಂದರೆ ಅಕ್ಕಿ. ರೊಟ್ಟಿ, ಕಡುಬು, ಒತ್ತು ಶಾವಿಗೆ, ಇಡ್ಲಿ, ದೋಸೆ, ಚಿತ್ರಾನ್ನ ಅಂತ ವಾರಪೂರ್ತಿ ಹೆಸರು ಬದಲಾಗುತ್ತದೆ, ಒಳಗಿರುವುದು ಅದೇ ಅಕ್ಕಿ. ಹಾಗಾಗಿ ಈ ಸಲದ ಅಂಕಣ ಪೂರ್ತಿ ತಿಂಡಿಗೆ. ಹೆಸರು ಹಾಕಬೇಡಿ ಅಂತ ಹೆಚ್ಚಿನವರು ಕೇಳಿದ್ದಾರೆ. ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನನಗೆ 52 ವರ್ಷ. ಶುಗರ್ ಬಂದು ನಾಲ್ಕು ವರ್ಷ ಆಯಿತು. ನಮ್ಮ ಮನೆಯಲ್ಲಿ ಅಕ್ಕಿ ರೊಟ್ಟಿ ಇಲ್ಲದೆ ಬೆಳಗಾಗುವುದಿಲ್ಲ. ನಾನು ಎರಡು ರೊಟ್ಟಿ, ಕಾಯಿ ಚಟ್ನಿ ತಿನ್ನುತ್ತೇನೆ. ಫಾಸ್ಟಿಂಗ್ (ಖಾಲಿ ಹೊಟ್ಟೆಯ ಶುಗರ್) 128 ಇತ್ತು, ತಿಂಡಿ ಆಗಿ ಎರಡು ಗಂಟೆಗೆ 246. ರೊಟ್ಟಿ ಪೂರ್ತಿ ಬಿಡಬೇಕಾ? ಎಲ್ಲರಿಗೂ ರೊಟ್ಟಿ ತಟ್ಟಿ ಕೊಟ್ಟು ನಾನೊಬ್ಬಳೇ ಬೇರೆ ಏನೋ ತಿನ್ನಬೇಕು ಅಂದರೆ ಅಳು ಬರುತ್ತದೆ. (ಮೂಡಿಗೆರೆ)

ಉತ್ತರ: ಬಿಡಬೇಡಿ. ಮೊದಲು ಒಂದು ಮಾತು, ನೀವು ತಿಂಡಿಗೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ನೋಡಿದ್ದೀರಲ್ಲ, ಅದು ತುಂಬಾ ಒಳ್ಳೆಯ ಕೆಲಸ. ಹೆಚ್ಚಿನವರು ಫಾಸ್ಟಿಂಗ್ ಒಂದನ್ನೇ ನೋಡಿ ಸುಮ್ಮನಾಗುತ್ತಾರೆ. ಸಾಮಾನ್ಯವಾಗಿ ದೊಡ್ಡವರಿಗೆ ಫಾಸ್ಟಿಂಗ್ 80ರಿಂದ 130ರ ಒಳಗೆ, ಊಟ ಶುರು ಮಾಡಿ ಎರಡು ಗಂಟೆಯ ಹೊತ್ತಿಗೆ 180ರ ಒಳಗೆ ಇರಬೇಕು ಅಂತ ಡಾಕ್ಟರುಗಳು ಹೇಳುತ್ತಾರೆ. ನಿಮ್ಮ 128 ಆ ಗೆರೆಯೊಳಗೇ ಇದೆ. 246 ಗೆರೆ ದಾಟಿ ಬಹಳ ದೂರ ಹೋಗಿದೆ. ಅಂದರೆ ರಾತ್ರಿ ಊಟ ಪರವಾಗಿಲ್ಲ, ಏರಿಸುತ್ತಿರುವುದು ಬೆಳಗಿನ ತಟ್ಟೆ.

ಆ ತಟ್ಟೆಯಲ್ಲಿ ಏನಿದೆ ನೋಡೋಣ. ನಮ್ಮ ಕಡೆಯ ಒಂದು ಅಗಲದ ರೊಟ್ಟಿಗೆ 50 ಗ್ರಾಂ ಹಿಟ್ಟಾದರೂ ಹೋಗುತ್ತದೆ. ಅದರಲ್ಲಿ 40 ಗ್ರಾಂ ಹತ್ತಿರ ಪಿಷ್ಟ. ಎರಡು ರೊಟ್ಟಿಗೆ 80. ಈ ಪಿಷ್ಟವೆಲ್ಲ ಹೊಟ್ಟೆಯಲ್ಲಿ ಒಡೆದು ಗ್ಲೂಕೋಸ್ ಆಗುತ್ತದೆ, ಹಿಟ್ಟು ನುಣ್ಣಗಿದ್ದಷ್ಟೂ ಬೇಗ ಆಗುತ್ತದೆ. ಜೊತೆಗಿರುವ ಕಾಯಿ ಚಟ್ನಿಯಲ್ಲಿ ಕೊಬ್ಬು ಇದೆ, ಪ್ರೋಟೀನ್ ಇಲ್ಲ ಅನ್ನುವಷ್ಟು ಕಡಿಮೆ. ತಡೆಯುವುದಕ್ಕೆ ಏನೂ ಇಲ್ಲ. ಮೇಲಿಂದ ಬೆಳಗಿನ ಹೊತ್ತು. ನಾವು ಏಳುವ ಮುಂಚೆಯೇ ದೇಹ ಕಾರ್ಟಿಸಾಲ್ ತರಹದ ಹಾರ್ಮೋನುಗಳನ್ನು ಬಿಡುತ್ತದೆ, ಲಿವರ್ ತನ್ನಲ್ಲಿರುವ ಗ್ಲೂಕೋಸನ್ನು ರಕ್ತಕ್ಕೆ ಸುರಿಯುತ್ತದೆ, ಶುಗರ್ ಇಳಿಸುವ ಇನ್ಸುಲಿನ್ನಿನ ಮಾತು ಆಗ ಅಷ್ಟಾಗಿ ನಡೆಯುವುದಿಲ್ಲ. ಮಧ್ಯಾಹ್ನ ತಿಂದರೆ ಅಷ್ಟಾಗಿ ಏರದ ಅದೇ ರೊಟ್ಟಿ ಬೆಳಗ್ಗೆ ಜಾಸ್ತಿ ಏರಿಸುವುದು ಇದಕ್ಕೇ.

ಈಗ ಮಾಡಬೇಕಾದದ್ದು. ರೊಟ್ಟಿ ಎರಡರ ಬದಲು ಒಂದು. ಆ ಒಂದರಲ್ಲೂ ಹಿಟ್ಟು ಕಡಿಮೆ, ಸೊಪ್ಪು ಜಾಸ್ತಿ. ಸಬ್ಬಸಿಗೆ, ಮೆಂತ್ಯ ಸೊಪ್ಪು, ಈರುಳ್ಳಿ, ತುರಿದ ಸೋರೆಕಾಯಿ, ಮನೆಯಲ್ಲಿ ಏನಿದೆಯೋ ಅದನ್ನು ಕೈತುಂಬಾ ಹಾಕಿ, ಹಿಟ್ಟು ಅದನ್ನೆಲ್ಲ ಹಿಡಿದಿಟ್ಟುಕೊಳ್ಳುವಷ್ಟು ಇದ್ದರೆ ಸಾಕು. ಅವರೆ ಕಾಲದಲ್ಲಿ ಬೇಯಿಸಿದ ಅವರೆಕಾಳನ್ನೇ ಹಿಟ್ಟಿಗೆ ಸೇರಿಸಿ ತಟ್ಟುವುದು ನಮ್ಮಲ್ಲಿ ಮೊದಲಿನಿಂದ ಇದೆ, ಅದನ್ನು ಬಿಡಬೇಡಿ. ಇನ್ನು ಪಕ್ಕಕ್ಕೆ ಒಂದು ಬಟ್ಟಲು ಕಾಳು. ಮೊಳಕೆ ಹೆಸರುಕಾಳಿನ ಉಸಲಿ, ಹುರುಳಿಕಾಳು ಪಲ್ಯ, ಅಲಸಂದೆ, ಕಡಲೆಕಾಳು, ಯಾವುದಾದರೂ ಸರಿ. ಕಾಳಿನಲ್ಲೂ ಪಿಷ್ಟ ಇದೆ, ಆದರೆ ನಾರು, ಪ್ರೋಟೀನ್ ಜೊತೆಗೆ ಇರುವುದರಿಂದ ನಿಧಾನಕ್ಕೆ ಕರಗುತ್ತದೆ. ಮೊಟ್ಟೆ ತಿನ್ನುವವರಾದರೆ ಎರಡು ಮೊಟ್ಟೆಯ ಪಲ್ಯ ಮಾಡಿಕೊಳ್ಳಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇದೆ, ಪಿಷ್ಟ ಇಲ್ಲ ಅಂತಲೇ ಹೇಳಬಹುದು. ಕಿಡ್ನಿ ತೊಂದರೆ ಇದೆ ಅಂತ ಡಾಕ್ಟರ್ ಹೇಳಿದ್ದರೆ ಮಾತ್ರ ಕಾಳು, ಮೊಟ್ಟೆಯ ಅಳತೆ ಅವರನ್ನೇ ಕೇಳಿ.

ಇನ್ನೊಂದು ವಿಷಯ, ಇದಕ್ಕೆ ಕಾಸು ಖರ್ಚಿಲ್ಲ. ಪಲ್ಯ ಮೊದಲು ತಿನ್ನಿ, ರೊಟ್ಟಿ ಆಮೇಲೆ. 2015ರಲ್ಲಿ ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು ಸಕ್ಕರೆ ಕಾಯಿಲೆ ಇರುವ 11 ಜನರಿಗೆ ಒಂದೇ ಊಟವನ್ನು ಎರಡು ದಿನ ಕೊಟ್ಟು ನೋಡಿದರು. ಒಂದು ದಿನ ಬ್ರೆಡ್ಡು ಮೊದಲು, ಇನ್ನೊಂದು ದಿನ ತರಕಾರಿ, ಮಾಂಸ ಮೊದಲು, ಬ್ರೆಡ್ಡು ಕೊನೆಗೆ. ಬ್ರೆಡ್ಡು ಕೊನೆಗೆ ತಿಂದ ದಿನ ಶುಗರ್ ಏರಿದ್ದು ಎಷ್ಟೋ ಕಡಿಮೆ. 11 ಜನ ಅಂದರೆ ಸಣ್ಣ ಪರೀಕ್ಷೆ, ನಿಜ. ಆದರೆ ನಾನು ಎಷ್ಟೋ ಮನೆಗಳಲ್ಲಿ ಇದನ್ನು ಮಾಡಿಸಿ ಮೀಟರ್ ನೋಡಿಸಿದ್ದೇನೆ, ಹೆಚ್ಚಿನವರಿಗೆ ವ್ಯತ್ಯಾಸ ಕಂಡಿದೆ. ತಿಂಡಿ ಆದ ಮೇಲೆ ಹದಿನೈದು ನಿಮಿಷ ತೋಟದಲ್ಲಿ ಒಂದು ಸುತ್ತು ಹೋಗಿ ಬನ್ನಿ, ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದ ಗ್ಲೂಕೋಸನ್ನು ಎಳೆದುಕೊಳ್ಳುತ್ತವೆ.

ಒಂದು ವಾರ ಹೀಗೆ ಮಾಡಿ. ವಾರದಲ್ಲಿ ಮೂರು ದಿನ, ಮೊದಲ ತುತ್ತಿನಿಂದ ಲೆಕ್ಕ ಹಿಡಿದು ಸರಿಯಾಗಿ ಎರಡು ಗಂಟೆಗೆ ನೋಡಿ ಬರೆದಿಡಿ. 180ರ ಹತ್ತಿರ ಬಂದರೆ ನಿಮ್ಮ ತಟ್ಟೆ ಸರಿಹೋಯಿತು. ಬರಲಿಲ್ಲ ಅಂದರೆ ಆ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ, ಮಾತ್ರೆ ಬದಲಿಸಬೇಕಾಗಬಹುದು. ಅದು ನಿಮ್ಮ ತಪ್ಪು ಅಂತ ಅಂದುಕೊಳ್ಳಬೇಡಿ. ವರ್ಷ ಕಳೆದಂತೆ, ಇನ್ಸುಲಿನ್ ತಯಾರಿಸುವ ಮೇದೋಜೀರಕದ ಶಕ್ತಿ ಕಡಿಮೆಯಾಗುತ್ತಾ ಹೋಗುವುದು ಈ ಕಾಯಿಲೆಯ ಗುಣ.

ಮತ್ತೆ ಆ ಅಳುವ ಮಾತು. ನೀವೊಬ್ಬರೇ ಬೇರೆ ತಿನ್ನಬೇಡಿ, ಮನೆಯವರೆಲ್ಲರ ತಟ್ಟೆಗೂ ಕಾಳು ಬರಲಿ. ಅಪ್ಪ ಅಮ್ಮನಿಗೆ ಸಕ್ಕರೆ ಕಾಯಿಲೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಜಾಸ್ತಿ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13 ಕೋಟಿಗಿಂತ ಹೆಚ್ಚು ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ನಿಮ್ಮ ಮಕ್ಕಳು ಆ ಹೊಸ್ತಿಲಿಂದ ದೂರ ಇರಲಿ ಅಲ್ವಾ?

ಪ್ರಶ್ನೆ: ನಿವೃತ್ತ ಮೇಷ್ಟ್ರು ನಾನು. ಶುಗರ್ ಅಂತ ಗೊತ್ತಾದ ದಿನವೇ ಅನ್ನ, ಇಡ್ಲಿ ಎಲ್ಲ ಬಿಟ್ಟೆ. ಬೆಳಗ್ಗೆ ದೊಡ್ಡ ಲೋಟದಲ್ಲಿ ರಾಗಿ ಮಾಲ್ಟ್, ಹಾಲು, ಸ್ವಲ್ಪ ಬೆಲ್ಲ. ಬೇರೇನೂ ಇಲ್ಲ. ಆದರೂ ತಿಂಡಿ ನಂತರದ ಶುಗರ್ 220ರ ಕೆಳಗೆ ಬರುತ್ತಿಲ್ಲ. ರಾಗಿ ಒಳ್ಳೆಯದು ಅಂತಾರಲ್ಲ? (ಚನ್ನರಾಯಪಟ್ಟಣ)

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ಓದಿ ನನಗೆ ಅಮ್ಮನ ನೆನಪಾಯಿತು. ಅವರಿಗೂ ಯಾರೋ ಹೇಳಿದ್ದರು, ಶುಗರ್‌ಗೆ ರಾಗಿ ಗಂಜಿಯೇ ಮದ್ದು ಅಂತ. ಎಂಟು ತಿಂಗಳು ಒಂದು ದಿನವೂ ತಪ್ಪಿಸದೆ ಕುಡಿದರು. ಮೂರು ತಿಂಗಳ ಸರಾಸರಿ ಪರೀಕ್ಷೆಯಲ್ಲಿ ಪ್ರತಿ ಸಲ ಏರಿಕೆ. ನಾವು ಮಾತ್ರೆಯನ್ನು ಬೈದೆವು, ಲ್ಯಾಬನ್ನು ಬೈದೆವು, ಗಂಜಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ನಾನಾಗ ಆಹಾರಶಾಸ್ತ್ರ ಓದುತ್ತಿದ್ದೆ. ನನಗೇ ಹೊಳೆಯಲಿಲ್ಲ ಅನ್ನುವ ಬೇಸರ ಈಗಲೂ ಇದೆ.

ರಾಗಿ ಒಳ್ಳೆಯ ಧಾನ್ಯವೇ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ನಾರು 11 ಗ್ರಾಂ ಇದೆ. ಪಾಲಿಶ್ ಅಕ್ಕಿಯಲ್ಲಿ ನಾರು 3 ಗ್ರಾಂ ಮಾತ್ರ. ಆದರೆ ಪಿಷ್ಟದ ಲೆಕ್ಕ ನೋಡಿ. ಅಕ್ಕಿಯಲ್ಲಿ 78 ಗ್ರಾಂ ಇದ್ದರೆ ರಾಗಿಯಲ್ಲಿ 70ರ ಹತ್ತಿರ. ಹೇಳಿಕೊಳ್ಳುವಂಥ ವ್ಯತ್ಯಾಸ ಏನಿಲ್ಲ. ಹಾಗಾಗಿ ರಾಗಿ ಯಾವ ರೂಪದಲ್ಲಿ ಹೊಟ್ಟೆಗೆ ಹೋಗುತ್ತದೆ ಅನ್ನುವುದು ಮುಖ್ಯ. 1981ರಲ್ಲಿ ಕೆನಡಾದ ಟೊರಾಂಟೊದಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಅವರ ಜೊತೆಗಾರರು ಗ್ಲೈಸೆಮಿಕ್ ಇಂಡೆಕ್ಸ್ ಅನ್ನುವ ಅಳತೆ ತಂದರು, ಅಂದರೆ ಒಂದು ಆಹಾರ ಎಷ್ಟು ಬೇಗ, ಎಷ್ಟು ಎತ್ತರಕ್ಕೆ ಶುಗರ್ ಏರಿಸುತ್ತದೆ ಅನ್ನುವ ಲೆಕ್ಕ. ಒಂದೇ ಧಾನ್ಯ ಇಡಿಯಾಗಿ ಬೆಂದರೆ ಒಂದು ನಂಬರ್, ನುಣ್ಣಗೆ ಬೀಸಿದರೆ ಇನ್ನೊಂದು, ತೆಳ್ಳಗೆ ಕುದಿಸಿದರೆ ಮತ್ತೊಂದು.

ಮಾಲ್ಟ್ ಅಂದರೆ ಮೊಳಕೆ ಬರಿಸಿ, ಒಣಗಿಸಿ, ಹುರಿದು, ನುಣ್ಣಗೆ ಬೀಸಿದ್ದು. ಮೊಳಕೆ ಬರುವಾಗಲೇ ಪಿಷ್ಟದ ಒಂದು ಪಾಲು ಸಕ್ಕರೆಯಾಗಿ ಒಡೆದಿರುತ್ತದೆ, ಅದಕ್ಕೇ ಅದು ಸ್ವಲ್ಪ ಸಿಹಿ. ಆಮೇಲೆ ಕುದಿಸಿ ಗಟಗಟ ಕುಡಿದರೆ ಅಗಿಯುವ ಕೆಲಸವೂ ಇಲ್ಲ, ಹೊಟ್ಟೆಗೆ ಅರೆಯುವ ಕೆಲಸವೂ ಇಲ್ಲ. ನೇರವಾಗಿ ರಕ್ತಕ್ಕೆ. ಮೇಲೆ ಬೆಲ್ಲ ಬೇರೆ. ಮಗುವಿಗೆ, ಬಾಣಂತಿಗೆ, ಕಾಯಿಲೆಯಿಂದ ಎದ್ದವರಿಗೆ ಇದು ಒಳ್ಳೆಯದಾಗಿರುವುದು ಬೇಗ ಜೀರ್ಣವಾಗುವುದರಿಂದಲೇ. ನಿಮಗೆ ಅದೇ ತೊಂದರೆ.

ರಾಗಿಯನ್ನು ಗಟ್ಟಿಯಾಗಿ ತಿನ್ನಿ. ಈರುಳ್ಳಿ, ನುಗ್ಗೆ ಸೊಪ್ಪು ಹಾಕಿದ ಒಂದು ರಾಗಿ ರೊಟ್ಟಿ, ಜೊತೆಗೆ ಕಾಳು ಪಲ್ಯ. ಅಥವಾ ಉದ್ದಿನಬೇಳೆ ಸ್ವಲ್ಪ ಜಾಸ್ತಿ ಹಾಕಿ ರುಬ್ಬಿದ ರಾಗಿ ದೋಸೆ ಎರಡು. ಬೆಳಗ್ಗೆಯೇ ಮುದ್ದೆ ಉಣ್ಣುವ ಅಭ್ಯಾಸ ಇದ್ದರೆ ದೊಡ್ಡ ನಿಂಬೆಹಣ್ಣಿನಷ್ಟು ಮುದ್ದೆ, ಬಟ್ಟಲು ತುಂಬ ಮೊಳಕೆ ಹುರುಳಿ ಸಾರು, ಸಾರಿನ ಕಾಳು ತಳದಿಂದ ಎತ್ತಿ ಹಾಕಿಕೊಳ್ಳಿ. ಅಮ್ಮನಿಗೆ ಗಂಜಿ ಬಿಡಿಸಿ ರಾಗಿ ರೊಟ್ಟಿಗೆ ತಂದ ಮೇಲೆ ನಂಬರ್ ಇಳಿಯಿತು. ಮಾತ್ರೆ ಅದೇ ಇತ್ತು, ರಾಗಿಯೂ ಅದೇ ಡಬ್ಬದ್ದು.

ಪ್ರಶ್ನೆ: ಕಾಫಿಗೆ ಸಕ್ಕರೆ ಬದಲು ಬೆಲ್ಲ ಅಥವಾ ಜೇನುತುಪ್ಪ ಹಾಕಿದರೆ ಶುಗರ್ ಏರುವುದಿಲ್ಲ ಅಲ್ವಾ? (ಕೊಪ್ಪ)

ಉತ್ತರ: ಏರುತ್ತದೆ. ಬೆಲ್ಲದಲ್ಲಿ ಹೆಚ್ಚಿನ ಪಾಲು ಸಕ್ಕರೆಯೇ, ಬಣ್ಣಕ್ಕೆ, ರುಚಿಗೆ ಒಂದಿಷ್ಟು ಖನಿಜ ಇದೆ ಅಷ್ಟೇ. ಜೇನುತುಪ್ಪವೂ ಹಾಗೇ. ಕಾಫಿ ಸೀಮೆಯವರಿಗೆ ಕಾಫಿ ಬಿಡಿ ಅಂತ ನಾನು ಹೇಳುವುದಿಲ್ಲ. ದಿನಕ್ಕೆ ಮೂರು ಲೋಟ, ಲೋಟಕ್ಕೆ ಎರಡು ಚಮಚ ಅಂದರೆ ಆರು ಚಮಚ ಸಕ್ಕರೆ, 25 ಗ್ರಾಂ ಆಯಿತು. ವಾರಕ್ಕೆ ಅರ್ಧ ಚಮಚ ಕಡಿಮೆ ಮಾಡುತ್ತಾ ಬನ್ನಿ, ನಾಲಿಗೆ ಒಗ್ಗಿಕೊಳ್ಳುತ್ತದೆ. ಹಾಲಿನಲ್ಲೂ 100 ಮಿಲಿಗೆ 5 ಗ್ರಾಂನಷ್ಟು ಸಕ್ಕರೆ ಸಹಜವಾಗಿ ಇದೆ, ಹಾಗಾಗಿ ಲೋಟ ಚಿಕ್ಕದಿರಲಿ. ಮತ್ತೆ ಒಂದು ಕಾಫಿ ಕುಡಿದು ಹೋಗಿ ಫಾಸ್ಟಿಂಗ್ ಪರೀಕ್ಷೆಗೆ ರಕ್ತ ಕೊಡುವವರು ಬಹಳ ಜನ ಇದ್ದಾರೆ. ಅದು ಫಾಸ್ಟಿಂಗ್ ಆಗುವುದಿಲ್ಲ. ಎಂಟು ಗಂಟೆ ನೀರು ಬಿಟ್ಟು ಬೇರೆ ಏನೂ ಬೇಡ.

ಪ್ರಶ್ನೆ: ನಾನು ತೋಟದ ಕೆಲಸಕ್ಕೆ ಹೋಗುತ್ತೇನೆ. ಗ್ಲಿಮಿಪಿರೈಡ್ ಇರುವ ಮಾತ್ರೆಯನ್ನು ಬೆಳಗ್ಗೆ ಆರಕ್ಕೆ ನುಂಗಿ ಹೊರಡುತ್ತೇನೆ. ತಿಂಡಿ ತಿನ್ನುವುದು ಹತ್ತು ಗಂಟೆಗೆ. ಒಂಬತ್ತು, ಒಂಬತ್ತೂವರೆ ಹೊತ್ತಿಗೆ ಬೆವರು ಬರುತ್ತದೆ, ಕೈ ನಡುಗುತ್ತದೆ, ಕಣ್ಣು ಮಂಜಾಗುತ್ತದೆ. ತಿಂಡಿ ತಿಂದ ಮೇಲೆ ಸರಿಹೋಗುತ್ತದೆ. ಶುಗರ್ ಇಳಿಯುತ್ತಿದೆ, ಒಳ್ಳೆಯದೇ ಅಂತ ಜೊತೆಯವರು ಹೇಳುತ್ತಾರೆ. (ಸಕಲೇಶಪುರ)

ಉತ್ತರ: ಖಂಡಿತ ಒಳ್ಳೆಯದಲ್ಲ. ದಯವಿಟ್ಟು ನಾಳೆಯಿಂದಲೇ ಹೀಗೆ ಮಾಡಬೇಡಿ. ಶುಗರ್ 70ಕ್ಕಿಂತ ಕೆಳಗೆ ಹೋದಾಗ ಆಗುವುದು ಇದೇ. ಬೆವರು, ನಡುಕ, ಎದೆ ಡವಡವ, ಕಣ್ಣು ಮಂಜು, ಆಮೇಲೆ ಮಾತು ತೊದಲಿ ಪ್ರಜ್ಞೆ ತಪ್ಪುವುದೂ ಉಂಟು. ತೋಟದ ಇಳಿಜಾರಿನಲ್ಲಿ, ಮರದ ಮೇಲೆ, ಕತ್ತಿ ಹಿಡಿದು ಕೆಲಸ ಮಾಡುವವರಿಗೆ ಇದು ಪ್ರಾಣಕ್ಕೇ ಅಪಾಯ.

ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್ ತರಹದ ಮಾತ್ರೆಗಳು ಮೇದೋಜೀರಕವನ್ನು ಒತ್ತಿ ಇನ್ಸುಲಿನ್ ಬಿಡಿಸುತ್ತವೆ. ನೀವು ತಿಂದಿದ್ದೀರೋ ಇಲ್ಲವೋ ಅವಕ್ಕೆ ಗೊತ್ತಾಗುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಮಾತ್ರೆ, ಮೇಲೆ ಮೂರು ಗಂಟೆ ಮೈ ಮುರಿದು ಕೆಲಸ, ಶುಗರ್ ಕೆಳಗೆ ಬೀಳದೆ ಇನ್ನೇನಾಗುತ್ತದೆ? ಈ ಮಾತ್ರೆಯನ್ನು ದಿನದ ಮೊದಲ ಊಟದ ಜೊತೆ ಅಥವಾ ಅದಕ್ಕೆ ಸ್ವಲ್ಪ ಮುಂಚೆ ತೆಗೆದುಕೊಳ್ಳಬೇಕು. ಮೆಟ್‌ಫಾರ್ಮಿನ್ ಒಂದೇ ತೆಗೆದುಕೊಳ್ಳುವವರಿಗೆ ಹೀಗಾಗುವುದು ಅಪರೂಪ, ಆದರೆ ಎಷ್ಟೋ ಮಾತ್ರೆಗಳಲ್ಲಿ ಎರಡೂ ಸೇರಿರುತ್ತವೆ, ಪಟ್ಟಿಯ ಹಿಂದೆ ಓದಿ ನೋಡಿ. ನಾಳೆ ಬೆಳಗ್ಗೆ ಮನೆಯಲ್ಲೇ ತಿಂಡಿ ತಿಂದು ಹೊರಡಿ. ಈ ವಾರದಲ್ಲೇ ಡಾಕ್ಟರಿಗೆ ಎಲ್ಲವನ್ನೂ ಹೇಳಿ, ಮಾತ್ರೆಯ ಹೊತ್ತು, ಡೋಸು ಎರಡನ್ನೂ ಅವರು ಬದಲಿಸಬಹುದು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಜೇಬಿನಲ್ಲಿ ಯಾವಾಗಲೂ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಇರಲಿ. ನಡುಕ ಶುರುವಾದ ಕೂಡಲೇ ಕೆಲಸ ಬಿಟ್ಟು ಕೂತು, ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. ಆ ಹೊತ್ತಿಗೆ ಸಕ್ಕರೆಯೇ ಔಷಧಿ. ರೊಟ್ಟಿ, ಚಾಕಲೇಟು ಬೇಡ, ಅವು ನಿಧಾನ. 15 ನಿಮಿಷ ಕಾದು ನೋಡಿ, ಸರಿಹೋಗದಿದ್ದರೆ ಇನ್ನೊಂದು ಸಲ ಅಷ್ಟೇ ಕುಡಿಯಿರಿ, ಆಮೇಲೆ ತಿಂಡಿ ತಿನ್ನಿ. ಜೊತೆಯವರಿಗೂ ಹೇಳಿಡಿ: ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಸುರಿಯಬಾರದು, ಉಸಿರಿನ ದಾರಿಗೆ ಹೋಗುತ್ತದೆ. ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಲಿ.

ಬೇಗ ಆಗುವ ತಿಂಡಿ ಬೇಕು ಅಂದರೆ ರಾತ್ರಿಯೇ ಕಡಲೆಕಾಳು ಬೇಯಿಸಿ ಇಟ್ಟುಕೊಳ್ಳಿ. ಬೆಳಗ್ಗೆ ಒಂದು ರೊಟ್ಟಿ, ಕಾಳು, ಸಾಧ್ಯವಾದರೆ ಮೊಟ್ಟೆ. ನಿಮ್ಮದು ಮೈಮುರಿಯುವ ಕೆಲಸ, ಮೇಲೆ ಮೂಡಿಗೆರೆಯವರಿಗೆ ಹೇಳಿದ ಹಾಗೆ ಒಂದೇ ರೊಟ್ಟಿ ಸಾಕಾಗದೆ ಇರಬಹುದು. ಎರಡು ತಿಂದರೂ ಕಾಳು ಇರಲಿ, ಎಷ್ಟು ಬೇಕು ಅನ್ನುವುದನ್ನು ಮೀಟರ್ ನೋಡಿ ಡಾಕ್ಟರ ಜೊತೆ ತೀರ್ಮಾನ ಮಾಡಿ.

ಪ್ರಶ್ನೆ: ಹಾಸನದಲ್ಲಿ ರೂಮು ಮಾಡಿಕೊಂಡಿದ್ದೇನೆ, ವಯಸ್ಸು 31, ಹೋದ ವರ್ಷ ಶುಗರ್ ಪತ್ತೆಯಾಯಿತು. ಅಡುಗೆ ಬರುವುದಿಲ್ಲ, ಮೂರು ಹೊತ್ತೂ ಹೋಟೆಲ್. ಏನು ತಿನ್ನಲಿ? (ಹಾಸನ)

ಉತ್ತರ: ಹೋಟೆಲಿನಲ್ಲಿ ಎರಡು ಇಡ್ಲಿ, ಎರಡು ಬಟ್ಟಲು ಸಾಂಬಾರ್ ಹೇಳಿ. ಇಡ್ಲಿಯಲ್ಲಿ ಉದ್ದು ಇದೆ, ಸಾಂಬಾರಿನ ಬೇಳೆ, ತರಕಾರಿಯನ್ನು ಚಮಚದಲ್ಲಿ ಮೊದಲು ತಿನ್ನಿ. ಆಮ್ಲೆಟ್ ಸಿಗುವ ಕಡೆಯಾದರೆ ಅದು, ಜೊತೆಗೆ ಒಂದು ಚಪಾತಿ. ಮಸಾಲೆ ದೋಸೆ ಆಸೆಯಾದರೆ ತಿಂಗಳಿಗೊಮ್ಮೆ ತಿನ್ನಿ. ನಮ್ಮೂರು ಆಲೂಗಡ್ಡೆಗೆ ಹೆಸರಾದದ್ದು, ಬೇಡ ಅನ್ನುವುದಕ್ಕೆ ನನಗೂ ಮನಸ್ಸಿಲ್ಲ, ಆದರೆ ಅಕ್ಕಿಯ ದೋಸೆಯೊಳಗೆ ಆಲೂಗಡ್ಡೆ ಪಲ್ಯ ಅಂದರೆ ಪಿಷ್ಟದ ಮೇಲೆ ಪಿಷ್ಟ. ಪೂರಿ ಸಾಗು, ಸೆಟ್ ದೋಸೆ, ಕೇಸರಿಬಾತ್ ಸೇರಿದ ಚೌಚೌ ಬಾತ್, ಟೀ ಜೊತೆ ಬನ್ನು, ಇವನ್ನು ದಿನದ ತಿಂಡಿ ಮಾಡಿಕೊಳ್ಳಬೇಡಿ. ಒಂದು ಸಣ್ಣ ಎಲೆಕ್ಟ್ರಿಕ್ ಕೆಟಲ್ ತನ್ನಿ. ಮೊಟ್ಟೆ ಬೇಯಿಸುವುದಕ್ಕೆ ಅಡುಗೆ ಬರಬೇಕಾಗಿಲ್ಲ. ರೂಮಿನಲ್ಲಿ ಎರಡು ಮೊಟ್ಟೆ ಅಥವಾ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ ತಿಂದು ಹೋದರೆ ಹೋಟೆಲಿನಲ್ಲಿ ಅರ್ಧ ತಟ್ಟೆಗೇ ಹೊಟ್ಟೆ ತುಂಬುತ್ತದೆ. 31ಕ್ಕೆ ಬಂದಿದೆ ಅಂತ ಹೆದರಬೇಡಿ. ಈಗಿನಿಂದ ಹಿಡಿತದಲ್ಲಿ ಇಟ್ಟುಕೊಂಡರೆ ಕಣ್ಣು, ಕಿಡ್ನಿ, ಕಾಲು ಎಲ್ಲವನ್ನೂ ಕಾಪಾಡಿಕೊಳ್ಳಬಹುದು. ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಮಾತ್ರ ಮರೆಯಬೇಡಿ.

ಪ್ರಶ್ನೆ: ಮಗಳು ಓಟ್ಸ್ ಪ್ಯಾಕೆಟ್, ಶುಗರ್‌ಫ್ರೀ ಬಿಸ್ಕತ್ತು ತಂದುಕೊಡುತ್ತಾಳೆ. ತಿನ್ನಬಹುದಾ? (ಬೇಲೂರು)

ಉತ್ತರ: ದಪ್ಪ ಓಟ್ಸ್ ಆದರೆ ಸರಿ, ತರಕಾರಿ ಹಾಕಿ ಉಪ್ಪಿಟ್ಟಿನ ಹಾಗೆ ಮಾಡಿ. ಎರಡು ನಿಮಿಷದಲ್ಲಿ ಬೇಯುವ ಪ್ಯಾಕೆಟ್ಟಿನದು ತೆಳ್ಳಗೆ ಒತ್ತಿ, ಅರ್ಧ ಬೇಯಿಸಿ ಒಣಗಿಸಿದ್ದು, ಅಷ್ಟು ಉಪಯೋಗವಿಲ್ಲ. ಬಿಸ್ಕತ್ತಿನಲ್ಲಿ ಸಕ್ಕರೆ ಇಲ್ಲದಿದ್ದರೂ ಹಿಟ್ಟು ಇದ್ದೇ ಇದೆ, ಅದು ತಿಂಡಿಯಲ್ಲ. ಓಟ್ಸಿಗಿಂತ ಅಗ್ಗಕ್ಕೆ ಆಗುವುದು ಹೆಸರುಕಾಳು ದೋಸೆ. ರಾತ್ರಿ ಕಾಳು ನೆನೆಹಾಕಿ. ಬೆಳಗ್ಗೆ ಶುಂಠಿ, ಹಸಿಮೆಣಸು, ಜೀರಿಗೆ, ಕೊತ್ತಂಬರಿ ಸೊಪ್ಪು ಹಾಕಿ ರುಬ್ಬಿ. ಹುದುಗು ಬರಿಸಬೇಕಾಗಿಲ್ಲ, ಆಗಲೇ ಹುಯ್ಯಬಹುದು. ಗರಿಗರಿ ಬೇಕು ಅಂದರೆ ಒಂದು ಹಿಡಿ ಅಕ್ಕಿ ಜೊತೆಗೆ ನೆನೆಹಾಕಿ, ಅದಕ್ಕಿಂತ ಜಾಸ್ತಿ ಬೇಡ. ಮಗಳಿಗೂ ಎರಡು ಹುಯ್ದು ಕೊಡಿ.

ಪ್ರಶ್ನೆ: ರಾತ್ರಿ ಮಲಗುವಾಗ 120 ಇರುತ್ತದೆ. ಏನೂ ತಿನ್ನದೆ ಬೆಳಗ್ಗೆ ಎದ್ದರೆ 160. ಹಾಗಾದರೆ ತಿಂಡಿ ಬಿಟ್ಟುಬಿಡಲಾ? (ತರೀಕೆರೆ)

ಉತ್ತರ: ತಿಂಡಿ ಬಿಟ್ಟರೆ ಇದು ಸರಿಹೋಗುವುದಿಲ್ಲ. ಮೊದಲ ಉತ್ತರದಲ್ಲಿ ಹೇಳಿದ ಬೆಳಗಿನ ಹಾರ್ಮೋನು, ಲಿವರಿನ ಕೆಲಸವೇ ಹೆಚ್ಚಾಗಿ ಇದಕ್ಕೆ ಕಾರಣ. ಒಂದೆರಡು ರಾತ್ರಿ ಮೂರು ಗಂಟೆಗೆ ಅಲಾರಂ ಇಟ್ಟು ನೋಡಿ ಬರೆದಿಡಿ. ಆ ನಂಬರ್ ಇದ್ದರೆ ರಾತ್ರಿಯ ಔಷಧಿ ಜಾಸ್ತಿ ಮಾಡಬೇಕೋ ಕಡಿಮೆ ಮಾಡಬೇಕೋ ಅಂತ ಡಾಕ್ಟರಿಗೆ ತಿಳಿಯುತ್ತದೆ. ರಾತ್ರಿ ಊಟ ಎಂಟರೊಳಗೆ ಮುಗಿಸಿ ನೋಡಿ.

ಪ್ರಶ್ನೆ: ನನಗೆ 74. ಮೊಮ್ಮಕ್ಕಳು ರಜೆಗೆ ಬಂದಾಗ ಒತ್ತು ಶಾವಿಗೆ, ಕಾಯಿಹಾಲು ಮಾಡುತ್ತೇನೆ. ನಾನು ಮುಟ್ಟಬಾರದು ಅಂತ ಮಗ ಹೇಳುತ್ತಾನೆ. ಒಂದು ತುತ್ತೂ ಬೇಡವಾ? (ಶೃಂಗೇರಿ)

ಉತ್ತರ: ಅಜ್ಜಿ, ನೀವೂ ಮೊಮ್ಮಕ್ಕಳ ಜೊತೆ ಕೂತುಕೊಳ್ಳಿ. ನಿಮ್ಮ ವಯಸ್ಸಿನವರಿಗೆ ಶುಗರ್ ತುಂಬಾ ಇಳಿಯದೆ ಇರುವುದೂ ಮುಖ್ಯ, ಅದಕ್ಕೇ ಡಾಕ್ಟರುಗಳು ಗೆರೆಯನ್ನು ಸ್ವಲ್ಪ ಸಡಿಲ ಮಾಡುತ್ತಾರೆ, ನಿಮ್ಮ ಗೆರೆ ಎಷ್ಟು ಅಂತ ಕೇಳಿಕೊಳ್ಳಿ. ಮೊದಲು ಅರ್ಧ ಬಟ್ಟಲು ಹೆಸರುಕಾಳು ಉಸಲಿ ತಿನ್ನಿ. ಶಾವಿಗೆ ಒಂದು ಮುಷ್ಟಿ, ಅದರಲ್ಲಿ ಹೆಚ್ಚಿನದನ್ನು ನಿಂಬೆಹುಳಿ, ಒಗ್ಗರಣೆ ಹಾಕಿ ಕಲೆಸಿಕೊಳ್ಳಿ, ಉಳಿದ ನಾಲ್ಕು ಎಳೆಗೆ ಎರಡು ಚಮಚ ಕಾಯಿಹಾಲು. ಮಾತ್ರೆ ತಪ್ಪಿಸಬೇಡಿ. ತಿಂದ ಮೇಲೆ ಮಕ್ಕಳ ಕೈ ಹಿಡಿದು ಅಂಗಳದಲ್ಲಿ ನಾಲ್ಕು ಸುತ್ತು ಹಾಕಿ, ಎರಡು ಗಂಟೆಗೆ ಮಗನ ಕೈಯಲ್ಲೇ ಮೀಟರ್ ಹಿಡಿಸಿ. ಎಷ್ಟು ಬಂತು ಅಂತ ನನಗೂ ಒಂದು ಕಾರ್ಡು ಬರೆದು ಹಾಕಿ.